ಕಂಟ್ರೋಲರನ ಮೂವತ್ತು ಸಾಲು

ಬಸ್ ನಿಲ್ದಾಣದ ಮೂರನೆಯ ಕಂಬಕ್ಕೆ ಅಂಟಿಕೊಂಡಿದ್ದ ಗೂಡಿನ ಮೇಲೆ ‘ಸಂಚಾರ ನಿಯಂತ್ರಕರು’ ಎಂಬ ಫಲಕವಿತ್ತು. ಒಳಗೆ ಕೂತವನನ್ನು ಎಲ್ಲರೂ ಕಂಟ್ರೋಲರ್ ಎಂದು ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದ ಸೇವೆಯಲ್ಲಿ ಅವನು ಯಾವೊಂದು ಬಸ್ಸನ್ನಾದರೂ ನಿಯಂತ್ರಿಸಿದ ದಾಖಲೆಯಿಲ್ಲ. ಬಸ್ಸುಗಳು ತಮಗೆ ತೋಚಿದಾಗ ಬಂದು ತೋಚಿದಾಗ ಹೋಗುತ್ತಿದ್ದವು. ಅವನು ಬರೆದುಕೊಳ್ಳುತ್ತಿದ್ದ, ಅಷ್ಟೇ.

ಬರೆದುಕೊಳ್ಳುವುದರಲ್ಲಿ ಅವನದೇ ಒಂದು ಪದ್ಧತಿ ಇತ್ತು. ದಿನಕ್ಕೆ ಅರವತ್ತನಾಲ್ಕು ಬಸ್ಸು. ಒಂದೊಂದು ಬಂದಾಗಲೂ ಗಡಿಯಾರ ನೋಡಿ ಬರೆಯುವುದೆಂದರೆ ಮನುಷ್ಯ ಟೀ ಕುಡಿಯುವುದು ಯಾವಾಗ? ಆದ್ದರಿಂದ ಬೆಳಿಗ್ಗೆ ಕುರ್ಚಿಯಲ್ಲಿ ಕೂತ ಕೂಡಲೇ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು, ಅರವತ್ತನಾಲ್ಕು ಬಸ್ಸುಗಳ ಆಗಮನವನ್ನೂ ನೀಲಿ ಶಾಯಿಯಲ್ಲಿ ಒಂದೇ ಉಸಿರಿಗೆ ಬರೆದುಬಿಡುತ್ತಿದ್ದ. ಆಮೇಲೆ ಯಾವುದಾದರೂ ತಡವಾದರೆ, ಮತ್ತು ತಡವಾದದ್ದು ಅವನ ಕಣ್ಣಿಗೆ ಬಿದ್ದರೆ, ನೀಲಿಯ ಮೇಲೆ ಗೀಟೆಳೆದು ಪಕ್ಕದಲ್ಲಿ ಕೆಂಪಿನಲ್ಲಿ ನಿಜವಾದ ಸಮಯ ಬರೆಯುತ್ತಿದ್ದ. ಅವನ ಕಣ್ಣಿಗೆ ಹೆಚ್ಚೇನೂ ಬೀಳುತ್ತಿರಲಿಲ್ಲ. ಹೀಗಾಗಿ ಅವನ ನಿಲ್ದಾಣ ಇಡೀ ವಿಭಾಗದಲ್ಲೇ ಸಮಯಪಾಲನೆಗೆ ಹೆಸರಾಗಿತ್ತು. ಇದನ್ನು ಸುಳ್ಳು ಎಂದು ಯಾರಾದರೂ ಕರೆದಿದ್ದರೆ ಅವನಿಗೆ ನಿಜವಾಗಿಯೂ ನೋವಾಗುತ್ತಿತ್ತು. ಅವನ ಲೆಕ್ಕದಲ್ಲಿ ಅದು ಸುಳ್ಳಲ್ಲ, ಮುಂಗಡ. ಮುಂದೆ ಆದ ಗಲಿಬಿಲಿಗೆಲ್ಲ ಈ ಪದ್ಧತಿ ಕಾರಣವೇ ಹೊರತು ಮನುಷ್ಯನ ಕೆಟ್ಟತನವಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ಅವನಿಗೆ ನಾಲ್ಕು ವರ್ಷದ ಒಬ್ಬಳೇ ಮಗಳು. ಡ್ರೈವರುಗಳು ಅವಳಿಗೆ ಇಟ್ಟ ಹೆಸರು ಹಾರನ್. ಮನೆಯಲ್ಲಿ, ಬೀದಿಯಲ್ಲಿ, ನಿಲ್ದಾಣದಲ್ಲಿ ಅವಳ ಮಾತಿಗೆ ಬ್ರೇಕೇ ಇರಲಿಲ್ಲ. ಆದರೆ ಶಿಶುವಿಹಾರದ ಹೊಸ್ತಿಲು ದಾಟಿದೊಡನೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಸೇರಿ ನಾಲ್ಕು ತಿಂಗಳಾಗಿದ್ದರೂ ಅಲ್ಲಿನ ದೊಡ್ಡ ಟೀಚರ್ ಅವಳ ಧ್ವನಿಯನ್ನೇ ಕೇಳಿರಲಿಲ್ಲ. ಡ್ರೈವರೊಬ್ಬ ಗೇಟಿನ ಹೊರಗಿನಿಂದ ‘ಏ ಹಾರನ್’ ಎಂದು ಕರೆದದ್ದು ಕೇಳಿ, ಪಾಪದ ಮಗುವನ್ನು ಹೀಗೆಲ್ಲ ಅಣಕಿಸಬಾರದು ಎಂದು ಅವನಿಗೆ ಬುದ್ಧಿ ಹೇಳಿ ಕಳಿಸಿದ್ದರು.

ಆ ತಿಂಗಳ ಕೊನೆಗೆ ದೊಡ್ಡ ಮಕ್ಕಳನ್ನು ಮಹಡಿಯ ಕೋಣೆಗೆ ಕಳಿಸುವುದಿತ್ತು. ಮಾತಾಡದ ಮಗುವನ್ನು ಕಳಿಸಲು ಆಗುವುದಿಲ್ಲ, ಇನ್ನೊಂದು ವರ್ಷ ಕೆಳಗಿನ ಕೋಣೆಯಲ್ಲಿ ಎರಡೂವರೆ ವರ್ಷದವರ ಜೊತೆ ಕೂರಲಿ ಎಂದು ದೊಡ್ಡ ಟೀಚರ್ ಮೆತ್ತಗೆ, ಆದರೆ ಖಡಾಖಂಡಿತವಾಗಿ ಹೇಳಿದ್ದರು. ಹಾರನ್‌ಗೆ ಮಹಡಿಯ ಕೋಣೆಯಲ್ಲಿ ಬೇಕಾಗಿದ್ದುದು ಪಾಠವಲ್ಲ, ಕಿಟಕಿ. ಆ ಕಿಟಕಿಯಿಂದ ರಸ್ತೆಯಾಚೆಯ ಬಸ್ ನಿಲ್ದಾಣ, ಅದರ ಮೂರನೆಯ ಕಂಬ, ಕಂಬದ ಪಕ್ಕದ ಗೂಡು, ಗೂಡಿನೊಳಗಿನ ಅಪ್ಪ, ಎಲ್ಲ ಕಾಣುತ್ತದೆಂದು ಯಾರೋ ಅವಳಿಗೆ ಹೇಳಿದ್ದರು. ದಿನಾ ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ, ಮೇಲಿನ ಕೋಣೆಗೆ ಯಾವಾಗ ಹೋಗೋದು ಎಂದು ಕೇಳುತ್ತಿದ್ದಳು. ಕಂಟ್ರೋಲರ್ ಯೋಚಿಸದೆ, ಮುಂದಿನ ತಿಂಗಳು ಒಂದನೇ ತಾರೀಕು ಎಂದು ಮಾತು ಕೊಟ್ಟಿದ್ದ. ಅದೂ ಮುಂಗಡವೇ.

ಹೀಗಿರುವಾಗ ಶಿಶುವಿಹಾರದಿಂದ ಮನೆಗೊಂದು ಪುಸ್ತಕ ಬಂತು. ಮೂವತ್ತು ದಿನ, ಮೂವತ್ತು ಸಾಲು. ‘ಇಂದು ಮನೆಯಲ್ಲಿ ಮಗುವಿನೊಂದಿಗೆ ಏನು ಮಾಡಿದಿರಿ?’ ಎಂಬುದು ತಲೆಬರಹ. ಪ್ರತಿ ಸಾಲನ್ನೂ ಅಪ್ಪನೇ ತನ್ನ ಕೈಯಾರೆ ಬರೆಯಬೇಕು, ಅಮ್ಮಂದಿರ ಅಕ್ಷರ ನಮಗೆ ಚೆನ್ನಾಗಿ ಗೊತ್ತಿದೆ ಎಂದು ಕೆಳಗೆ ಎಚ್ಚರಿಕೆಯಿತ್ತು. ಪುಸ್ತಕವನ್ನು ತಿಂಗಳ ಕೊನೆಗೆ ಒಪ್ಪಿಸಬೇಕಿತ್ತು.

ಒಂದನೇ ತಾರೀಕು ಮಧ್ಯಾಹ್ನ ನಾಲ್ಕು ಹತ್ತರ ಬಸ್ಸು ಬರಲಿಲ್ಲ. ಶಿಶುವಿಹಾರ ಬಿಟ್ಟು ಬಂದ ಹಾರನ್ ಗೂಡಿನ ನೆಲದ ಮೇಲೆ ಕೂತಿದ್ದಳು. ಸುಮ್ಮನಿರಲೆಂದು ಅವಳ ಕೈಗೊಂದು ಕೆಂಪು ಬಣ್ಣದ ಕಡ್ಡಿ ಕೊಟ್ಟು, ಕಂಟ್ರೋಲರ್ ಪುಸ್ತಕ ತೆರೆದ. ಮೊದಲ ಸಾಲು ಬರೆದ. ಕೈ ಅಭ್ಯಾಸಬಲದಿಂದ ಎರಡನೆಯದಕ್ಕೆ ಹೋಯಿತು, ಅಲ್ಲಿಂದ ಮೂರನೆಯದಕ್ಕೆ. ಬಸ್ಸು ನಲವತ್ತು ನಿಮಿಷ ತಡವಾಗಿ ಬರುವಷ್ಟರಲ್ಲಿ ಇಡೀ ತಿಂಗಳು ಮುಗಿದಿತ್ತು. ಹಳೇ ಅಭ್ಯಾಸ, ಪ್ರತಿ ಸಾಲಿನ ಕೊನೆಗೂ ಸಮಯ ಹಾಕಿದ್ದ. ಜೊತೆಗೆ ಕೊಟ್ಟಿದ್ದ ಸಲಹೆಗಳ ಚೀಟಿ ಹನ್ನೊಂದನೆಯ ಸಾಲಿಗೇ ಬರಿದಾಯಿತು. ಮಿಕ್ಕಿದ್ದಕ್ಕೆ ಅವನು ತನ್ನ ಕಲ್ಪನೆಯನ್ನು ನಂಬಿಕೊಂಡ. ಅದನ್ನು ಅವನು ಹತ್ತೊಂಬತ್ತು ವರ್ಷದಿಂದ ನಂಬಿಕೊಂಡೇ ಬಂದಿದ್ದ.

ಕೆಳಗಿನಿಂದ ಪ್ರಶ್ನೆ ಬಂತು. “ಏನ್ ಬರೀತಿದೀಯಪ್ಪ?”

“ನಮ್ಮ ತಿಂಗಳು.”

“ಅದಿನ್ನೂ ಆಗೇ ಇಲ್ವಲ್ಲ.”

“ಆಗುತ್ತೆ. ಆಗದೇ ಇದ್ರೆ ಕೆಂಪಲ್ಲಿ ತಿದ್ದೋದು.”

ಹಾರನ್ ತನ್ನ ಕೈಯಲ್ಲಿದ್ದ ಕೆಂಪು ಕಡ್ಡಿಯನ್ನು ಒಮ್ಮೆ ನೋಡಿಕೊಂಡು, ಸರಿ ಎಂದಳು.

ಆರನೇ ತಾರೀಕು ಅವಳು ಆ ಪುಸ್ತಕವನ್ನು ತಾನೇ ಚೀಲಕ್ಕೆ ತುಂಬಿಕೊಂಡು ಹೋದಳು. ಮಧ್ಯಾಹ್ನ ದೊಡ್ಡ ಟೀಚರ್ ಕಂಟ್ರೋಲರನನ್ನು ಕರೆಸಿದರು. ಅವನು ರಸ್ತೆ ದಾಟುತ್ತಲೇ ಕ್ಷಮೆಯ ಮೂರು ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡ. ಅಲ್ಲಿ ಅವನಿಗೆ ಸಿಕ್ಕ ಕುರ್ಚಿ ಮಕ್ಕಳದು, ಮೊಳಕಾಲು ಗಲ್ಲಕ್ಕೆ ತಾಗುತ್ತಿತ್ತು. ಆ ಭಂಗಿಯಲ್ಲಿ ಮನುಷ್ಯ ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಾನೆ. ಆದರೆ ದೊಡ್ಡ ಟೀಚರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನ್ನ ಇಪ್ಪತ್ತೆರಡು ವರ್ಷದ ಅನುಭವದಲ್ಲಿ ಅಪ್ಪಂದಿರು ತಿಂಗಳ ಕೊನೆಯ ದಿನ ಗೇಟಿನ ಬಳಿ ನಿಂತುಕೊಂಡೇ ಮೂವತ್ತು ಸಾಲು ಗೀಚಿದ್ದನ್ನು ಕಂಡಿದ್ದೇನೆ, ಆದರೆ ಮಗುವಿಗಾಗಿ ಇಡೀ ತಿಂಗಳ ಯೋಜನೆಯನ್ನು ಗಂಟೆ ನಿಮಿಷದ ಸಮೇತ ಮೊದಲೇ ಹಾಕಿಕೊಂಡ ತಂದೆಯನ್ನು ಕಂಡದ್ದು ಇದೇ ಮೊದಲು ಎಂದರು.

ನಿಜ ಹೇಳಲು ಕಂಟ್ರೋಲರ್ ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಮಗನನ್ನು ಕರೆದೊಯ್ಯಲು ಔಷಧಿ ಅಂಗಡಿಯವನು ಒಳಗೆ ಬಂದ. ತನ್ನ ಮಗ ಇಪ್ಪತ್ತೇಳು ಮೂಳೆಗಳ ಹೆಸರು ಹೇಳುತ್ತಾನೆಂದು ಊರಿಗೆಲ್ಲ ಸಾರಿಕೊಂಡು ಬಂದವನು. ದೊಡ್ಡ ಟೀಚರ್ ಪುಸ್ತಕವನ್ನು ಎತ್ತಿ ಅವನ ಮೂಗಿನ ಮುಂದೆ ಹಿಡಿದು, ನೋಡಿ, ತಂದೆ ಅಂದರೆ ಹೀಗಿರಬೇಕು ಎಂದರು. ಔಷಧಿ ಅಂಗಡಿಯವನ ಮುಖ ಹುಳ್ಳಗಾಯಿತು. ಅದನ್ನು ಕಂಡ ಕಂಟ್ರೋಲರನ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಆಮೇಲೆ ದೊಡ್ಡ ಟೀಚರ್ ಕೊನೆಯ ಸಾಲಿಗೆ ಬೆರಳಿಟ್ಟರು. ‘ಮೂವತ್ತು: ಮಗಳು ತನ್ನದೇ ಒಂದು ಕಥೆಯನ್ನು ಹತ್ತು ಜನರ ಮುಂದೆ ಗಟ್ಟಿಯಾಗಿ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. 4.10.’ ಅದೇ ದಿನ ಶಿಶುವಿಹಾರದ ವಾರ್ಷಿಕ ತಪಾಸಣೆಗೆ ಮೇಲಿನಿಂದ ಅಧಿಕಾರಿ ಬರುವವರಿದ್ದರು. ಇದನ್ನು ಇಲ್ಲೇ, ಅವರ ಮುಂದೆಯೇ ಆಗಿಸೋಣ ಎಂದರು ದೊಡ್ಡ ಟೀಚರ್. “ಅವಳು ಅವತ್ತು ಬಾಯಿ ಬಿಟ್ಟಳು ಅಂದ್ರೆ ಮಾರನೇ ದಿನಾನೇ ಮೇಲಿನ ಕೋಣೆ. ಬಿಡಲಿಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲ.”

ಕಂಟ್ರೋಲರನ ಹೆಂಡತಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಮನುಷ್ಯರ ಒಳಗನ್ನು ನೋಡಿ ನೋಡಿ ಅವಳಿಗೆ ಯಾವುದೂ ಆಶ್ಚರ್ಯವಾಗುತ್ತಿರಲಿಲ್ಲ. ಸಂಜೆ ಗಂಡ ವಿಷಯ ತಿಳಿಸಿದಾಗ ಅವಳು ಪುಸ್ತಕ ತೆಗೆದುಕೊಂಡು, “ಅಲ್ಲಾಡ್ಬೇಡಿ, ಉಸಿರು ಹಿಡ್ಕೊಳ್ಳಿ” ಎಂದು ಮೂವತ್ತು ಸಾಲನ್ನೂ ಓದಿದಳು. ಅವನು ನಿಜವಾಗಿಯೂ ಉಸಿರು ಹಿಡಿದು ನಿಂತಿದ್ದ.

“ಹದಿನೆಂಟಕ್ಕೆ ನೀವು ಆನೆ ಆಗ್ತೀರಂತೆ.”

“ಬರೆದಾಯ್ತಲ್ಲ.”

“ಒಂಬತ್ತಕ್ಕೆ ಹುರುಳಿಬೀಜ ಬಿತ್ತಿ ಒಂಬತ್ತಕ್ಕೇ ಮೊಳಕೆ ಬರುತ್ತಂತೆ.”

“ಸಾಲು ಕಮ್ಮಿ ಇತ್ತು.”

ಅವಳು ಪುಸ್ತಕ ಮುಚ್ಚಿದಳು. ನಾಳೆಯೇ ಹೋಗಿ ನಿಜ ಹೇಳಿಬಿಡುವುದು ಒಂದು ದಾರಿ ಎಂದಳು. ಇನ್ನೊಂದು ದಾರಿ ಯಾವುದು ಎಂದು ಅವನು ಕೇಳಿದ. ಬರೆದದ್ದನ್ನೆಲ್ಲ ಮಾಡುವುದು ಎಂದಳು, ಯಾರೂ ಮಾಡಲಾರರು ಎಂಬ ಧಾಟಿಯಲ್ಲಿ. ಕಂಟ್ರೋಲರ್ ಅಡುಗೆಮನೆಯ ಬಾಗಿಲಲ್ಲಿ ನೆಟ್ಟಗೆ ನಿಂತುಕೊಂಡ. ಇಷ್ಟು ವರ್ಷ ಬಸ್ಸುಗಳು ತನ್ನ ವೇಳಾಪಟ್ಟಿಯ ಮಾತು ಕೇಳಲಿಲ್ಲ, ಆದರೆ ತಾನು ಬಸ್ಸಲ್ಲ ಎಂದ. ಮೂವತ್ತೂ ಸಾಲು ಓಡುತ್ತದೆ, ಒಂದೂ ರದ್ದಾಗುವುದಿಲ್ಲ ಎಂದ. ಹೆಂಡತಿ, ಹಾಗಾದರೆ ಹಿಂದುಳಿದ ಆರು ದಿನದ ಗತಿ ಏನು ಎಂದು ಕೇಳಿದಳು.

ಆ ಆರನ್ನೂ ಬಂದ ಭಾನುವಾರ ಒಂದೇ ದಿನ ಓಡಿಸಿದ. ಬೆಳಿಗ್ಗೆ ಏಳಕ್ಕೆ ಕಾಗದದ ದೋಣಿ, ಎಂಟಕ್ಕೆ ಡಬ್ಬಿಗಳ ಗೋಪುರ, ಒಂಬತ್ತೂವರೆಗೆ ನೆರಳಿನ ಆಟ. ನೆರಳಿನ ಹೊತ್ತಿಗೆ ಮೋಡ ಕವಿಯಿತು. ಮೋಡ ಸರಿಯುವವರೆಗೆ ಅಪ್ಪ ಮಗಳು ಬೀದಿಯಲ್ಲಿ ಕೈಗಳನ್ನು ಮೊಲದ ಕಿವಿಯಂತೆ ಹಿಡಿದುಕೊಂಡು ಐವತ್ತು ನಿಮಿಷ ನಿಂತಿದ್ದನ್ನು ಕೆಳಮನೆಯ ದರ್ಜಿ ಕಿಟಕಿಯಿಂದ ನೋಡಿದ. ಹೊಲಿಗೆ ನಿಲ್ಲಿಸಿ ಹೊರಬಂದು, ಏನಾದರೂ ತೊಂದರೆಯೇ ಎಂದು ವಿಚಾರಿಸಿದ. ಸೂರ್ಯ ಲೇಟು ಎಂದಳು ಹಾರನ್.

ಹುರುಳಿಬೀಜ ಮೊದಲ ನಿಜವಾದ ಅಡ್ಡಿ. ಒಂಬತ್ತನೇ ತಾರೀಕು ಬಿತ್ತಿದ ಬೀಜ ಸಂಜೆಯಾದರೂ ಮಿಸುಕಲಿಲ್ಲ. ಕಂಟ್ರೋಲರ್ ಎರಡು ಸಲ ನೀರು ಹಾಕಿದ, ಒಂದು ಸಲ ಗದರಿಸಿದ. ಮಾವ, ಅಂದರೆ ಹೆಂಡತಿಯ ಅಪ್ಪ, ಸರ್ವೆ ಇಲಾಖೆಯಿಂದ ನಿವೃತ್ತರಾಗಿ ಹಿಂದಿನ ಬೀದಿಯಲ್ಲೇ ಇದ್ದವರು, ಬೀಜವನ್ನು ನೆನೆಹಾಕದೆ ಬಿತ್ತುವ ಅಳಿಯನನ್ನು ಆರಿಸಿದ್ದು ತಮ್ಮ ತಪ್ಪೆಂದು ಮಗಳಿಗೆ ಹೇಳಿ ಹೋದರು. ಮೊಳಕೆ ಬಂದದ್ದು ಹನ್ನೆರಡಕ್ಕೆ. ಹಾರನ್ ಬೀದಿಯ ತುದಿಗೆ ಕೇಳುವಂತೆ ಕೂಗಿದಳು. ಆಮೇಲೆ ಒಳಗೆ ಹೋಗಿ ಪುಸ್ತಕದಲ್ಲಿ ಏನೋ ಗೀಚಿದಳು. ಕಂಟ್ರೋಲರ್ ನೋಡಿದರೆ, ಒಂಬತ್ತನೆಯ ಸಾಲಿನ ಮೇಲೆ ದಪ್ಪನೆಯ ಕೆಂಪು ಗೀಟು, ಪಕ್ಕದಲ್ಲಿ ಹುಳುವಿನಂಥದೊಂದು ಗುರುತು. ಅಧಿಕಾರಿ ನೋಡುವ ಪುಸ್ತಕ ಕೆಟ್ಟಿತಲ್ಲ ಎಂದು ರಬ್ಬರಿನಿಂದ ಉಜ್ಜಿದ. ಬಣ್ಣ ಇನ್ನಷ್ಟು ಹರಡಿತು. ಮಗು ಗೀಚಿದೆ ಬಿಡಿ ಎಂದಳು ಹೆಂಡತಿ. ಮುಂದಿನ ದಿನಗಳಲ್ಲಿ ಇಂಥ ಗೀಟುಗಳು ಹೆಚ್ಚುತ್ತಲೇ ಹೋದವು. ಪುಸ್ತಕವನ್ನು ಅವನು ಬೀರುವಿನ ಮೇಲಿಟ್ಟ. ಅವಳು ಕುರ್ಚಿ ಎಳೆದುಕೊಂಡಳು.

‘ಹದಿಮೂರು: ನಮ್ಮ ಬೀದಿಯನ್ನು ಹೆಜ್ಜೆಯಲ್ಲಿ ಅಳೆದೆವು. ನೆರೆಹೊರೆಯವರು ಸಂತೋಷದಿಂದ ಸೇರಿಕೊಂಡರು. 6.15.’ ಹೆಜ್ಜೆ ಹಾಕುವುದು ಕಷ್ಟವಲ್ಲ. ತೊಂದರೆ ಇದ್ದದ್ದು ಸಂತೋಷದಲ್ಲಿ. ಕಂಟ್ರೋಲರ್ ಮನೆಮನೆಗೆ ಹೋಗಿ ಆರೂಕಾಲಿಗೆ ಸಂತೋಷದಿಂದ ಬರಬೇಕೆಂದು ಕೇಳಿಕೊಂಡ. ದರ್ಜಿ ಬಂದ. ಮಾವ ಬಂದರು. ಇನ್ನೂ ಏಳೆಂಟು ಜನ, ಏನೋ ಆಗುತ್ತದೆಂದು, ಬಂದರು. ಕಂಟ್ರೋಲರನ ಲೆಕ್ಕದಲ್ಲಿ ಬೀದಿ ಇನ್ನೂರ ಹನ್ನೆರಡು ಹೆಜ್ಜೆ. ದರ್ಜಿಯ ಲೆಕ್ಕದಲ್ಲಿ ಇನ್ನೂರ ಮೂವತ್ತೊಂಬತ್ತು. ಹೆಜ್ಜೆ ಒಂದು ಅಳತೆಯೇ ಅಲ್ಲ, ನಲವತ್ತು ವರ್ಷ ಊರಿನ ಸೊಂಟ ಅಳೆದವನು ತಾನು ಎಂದು ದರ್ಜಿ ಟೇಪು ತಂದು ನೆಲದ ಮೇಲೆ ಮಂಡಿಯೂರಿದ. ಸೊಂಟದ ಟೇಪಿನಲ್ಲಿ ರಸ್ತೆ ಅಳೆಯುವುದನ್ನು ಸರ್ವೆ ಇಲಾಖೆ ಸಹಿಸುವುದು ಹೇಗೆ? ಮಾವ ಮನೆಗೆ ಹೋಗಿ, ನಿವೃತ್ತಿಯ ದಿನ ಸಹೋದ್ಯೋಗಿಗಳು ನೆನಪಿಗೆಂದು ಕೊಟ್ಟ ಅಳತೆಯ ಸರಪಳಿಯನ್ನು ಹೊತ್ತು ತಂದರು. ಸರಪಳಿ ರಸ್ತೆಗೆ ಅಡ್ಡ ಬಿದ್ದು ಎರಡು ಸ್ಕೂಟರ್, ಒಂದು ಹಾಲಿನ ವ್ಯಾನು ನಿಂತವು. ವ್ಯಾನಿನವನು ಇಳಿದು ಬಂದು ತನ್ನದೂ ಒಂದು ಅಭಿಪ್ರಾಯ ಕೊಟ್ಟ. ಸರಪಳಿಗೂ ಟೇಪಿಗೂ ಒಂದೂವರೆ ಮಾರು ವ್ಯತ್ಯಾಸ ಬಂತು. ದರ್ಜಿ ಮಾವನ ಇಡೀ ಸೇವಾವಧಿಯನ್ನೇ ಪ್ರಶ್ನಿಸಿದ. ಮಾವ ದರ್ಜಿ ಹೊಲಿದ ಪ್ಯಾಂಟೊಂದನ್ನು ನೆನಪಿಸಿದರು.

ಈ ಗದ್ದಲದ ನಡುವೆ ಹಾರನ್ ತನ್ನ ಪಾಡಿಗೆ ಎಣಿಸುತ್ತಿದ್ದಳು. ಅವಳಿಗೆ ಇಪ್ಪತ್ತರವರೆಗೆ ಮಾತ್ರ ಬರುತ್ತಿತ್ತು. ಇಪ್ಪತ್ತಾದಾಗಲೆಲ್ಲ ಒಂದು ಕಲ್ಲನ್ನು ಲಂಗದ ಜೇಬಿಗೆ ಹಾಕಿಕೊಂಡು ಮತ್ತೆ ಒಂದರಿಂದ ಶುರುಮಾಡುತ್ತಿದ್ದಳು. ಕೊನೆಗೆ ಹತ್ತೊಂಬತ್ತು ಕಲ್ಲು, ಏಳು ಹೆಜ್ಜೆ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ದೊಡ್ಡವರು ಜಗಳಕ್ಕೆ ತಕ್ಕ ಅಂಕಿ ಹುಡುಕುತ್ತಿದ್ದರು. ಸಂತೋಷ ಬಂದದ್ದು ಹದಿನೈದಕ್ಕೆ, ಮಾವನ ಸರಪಳಿಯಲ್ಲಿ ಮೂರು ಕೊಂಡಿ ಕಳಚಿಹೋಗಿರುವುದನ್ನು ದರ್ಜಿ ಪತ್ತೆಮಾಡಿ, ಮಾವ ಅದನ್ನು ಒಪ್ಪಿಕೊಂಡು, ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಟೀ ಕುಡಿದಾಗ. ಅಂದು ಸಂಜೆ ಪುಸ್ತಕದಲ್ಲಿ ಇನ್ನೊಂದು ಕೆಂಪು ಹುಳು ಕಾಣಿಸಿಕೊಂಡಿತು.

ಹದಿನೆಂಟಕ್ಕೆ ಆನೆ. ‘ನಾನು ಆನೆಯಾದೆ, ಮಗಳು ಮಾವುತಳಾದಳು. ಅಂಬಾರಿ ಮೆರವಣಿಗೆ. 5.00.’ ಆ ದಿನ ಸಂಜೆ ಪಾಳಿಯವನು ಹಲ್ಲು ಕೀಳಿಸಿಕೊಂಡು ರಜೆ ಹಾಕಿದ. ಕಂಟ್ರೋಲರ್ ಗೂಡು ಬಿಟ್ಟು ಮನೆಗೆ ಹೋಗುವಂತಿರಲಿಲ್ಲ. ವೇಳಾಪಟ್ಟಿಯನ್ನು ಮುಂದೂಡುವಂತೆಯೂ ಇರಲಿಲ್ಲ. ಹೆಂಡತಿ ಮಗಳನ್ನು ನಿಲ್ದಾಣದಲ್ಲೇ ಬಿಟ್ಟು, ಆನೆಯ ಮೊಳಕಾಲಿಗೆಂದು ಎರಡು ಹಳೆಯ ಟವೆಲ್ ಕೊಟ್ಟು ಹೋದಳು. ಸಮವಸ್ತ್ರದ ಪ್ಯಾಂಟು ಹರಿದೀತೆಂದು ಯೋಚಿಸುತ್ತ ನಿಂತದ್ದರಲ್ಲಿ ಐದರ ಬಸ್ಸು ಹೊರಟೇಹೋಯಿತು. ಕೊನೆಗೆ ಕಂಟ್ರೋಲರ್ ಟೊಪ್ಪಿಗೆಯನ್ನು ಮೇಜಿನ ಮೇಲಿಟ್ಟು, ನಾಲ್ಕು ಕಾಲಿಗೆ ಇಳಿದು, ಬೆನ್ನ ಮೇಲೆ ಮಾವುತಳನ್ನು ಕೂರಿಸಿಕೊಂಡು ಒಂದನೆಯ ಕಂಬದಿಂದ ಹೊರಟ. ಹಾರನ್ ತನ್ನ ಪೂರ್ಣ ಸಾಮರ್ಥ್ಯದಲ್ಲಿ ದಾರಿ ಬಿಡಿ ಎಂದು ಕೂಗಿದಳು. ಪ್ರಯಾಣಿಕರು ದಾರಿ ಬಿಟ್ಟರು. ಎರಡನೆಯ ಕಂಬ ದಾಟುವಷ್ಟರಲ್ಲಿ ಹಿಂದೆ ಹದಿನೈದು ಮಕ್ಕಳು ಸರತಿ ನಿಂತಿದ್ದರು. ಒಬ್ಬ ಅಜ್ಜಿ, ಈ ಆನೆ ಮುಂದಿನ ಊರಿಗೆ ಹೋಗುತ್ತದೆಯೇ ಎಂದು ಕೇಳಿದಳು. ಮೂರನೆಯ ಕಂಬದ ಹತ್ತಿರ ಆನೆಯ ಕಣ್ಣಿಗೆ ಪಾಲಿಶ್ ಮಾಡಿದ ಎರಡು ಬೂಟುಗಳು ಬಿದ್ದವು. ತಲೆ ಎತ್ತಿದರೆ ಡಿಪೋ ಮ್ಯಾನೇಜರ್.

“ಏನ್ರೀ ಇದು?”

“ಹದಿನೆಂಟನೇ ಸಾಲು ಸರ್” ಎಂದಿತು ಆನೆ.

ಮಾರನೇ ದಿನ ಲಿಖಿತ ವಿವರಣೆ ಕೇಳಿ ಪತ್ರ ಬಂತು. ಕಂಟ್ರೋಲರ್ ಉತ್ತರಿಸಿದ: ‘ಸದರಿ ದಿನ ಸಂಜೆ ನಾನು ಆನೆಯಾಗಿದ್ದುದು ನಿಜ. ಇದನ್ನು ಒಂದನೇ ತಾರೀಕಿನಂದೇ ಲಿಖಿತವಾಗಿ ನಿಗದಿಪಡಿಸಲಾಗಿತ್ತು. ಆನೆಯ ಕಾರಣದಿಂದ ಯಾವ ಬಸ್ಸೂ ತಡವಾಗಿಲ್ಲ. ತಡವಾದವು ತಮ್ಮ ಸ್ವಂತ ಕಾರಣಗಳಿಂದ ತಡವಾದವು.’ ಡಿಪೋ ಮ್ಯಾನೇಜರ್ ಅದನ್ನು ಎರಡು ಸಲ ಓದಿ ಕಡತಕ್ಕೆ ಸೇರಿಸಿದರಂತೆ. ಅವರಿಗೂ ಒಬ್ಬ ಮೊಮ್ಮಗ ಇದ್ದ.

ಅಲ್ಲಿಂದಾಚೆಗೆ ಪುಸ್ತಕದ ವಿಷಯ ಬೀದಿಗೂ ನಿಲ್ದಾಣಕ್ಕೂ ಬಾಯಿಪಾಠವಾಯಿತು. ಡ್ರೈವರುಗಳು ಬಸ್ಸು ನಿಲ್ಲಿಸಿ, ಇವತ್ತು ಏನಿದೆ ಎಂದು ಕೇಳಿಕೊಂಡು ಹೋಗತೊಡಗಿದರು. ‘ಇಪ್ಪತ್ತನಾಲ್ಕು: ಮಗಳು ತಾನೇ ಶೂ ಲೇಸು ಕಟ್ಟಿಕೊಂಡಳು, 8.20’ ಎಂಬ ಸಾಲಿನ ದಿನ ಆರು ಜನ ಮೆಟ್ಟಿಲ ಮೇಲೆ ಕೂತು ಉಸಿರು ಬಿಗಿಹಿಡಿದು ನೋಡಿದರು. ಯಾರೂ ಕೈ ಹಾಕಬಾರದೆಂದು ಕಂಟ್ರೋಲರ್ ಆಜ್ಞೆ ಮಾಡಿದ್ದ. ನಲವತ್ತೇಳು ನಿಮಿಷದ ಮೇಲೆ ಲೇಸು ಬೆಂಚಿನ ಕಾಲಿಗೆ ಬಿಗಿಯಾಗಿ ಕಟ್ಟಿಕೊಂಡಿತ್ತು. ಇಪ್ಪತ್ತಾರಕ್ಕೆ ಶೂಗೇ ಕಟ್ಟಿಕೊಂಡಿತು.

ಎಲ್ಲ ಓಡುತ್ತಿತ್ತು, ಕೊನೆಯ ಸಾಲೊಂದನ್ನು ಬಿಟ್ಟು. ದಿನಾ ಮಧ್ಯಾಹ್ನ ಗೇಟಿನ ಬಳಿ ಕಂಟ್ರೋಲರ್ ಹುಬ್ಬೇರಿಸುತ್ತಿದ್ದ, ದೊಡ್ಡ ಟೀಚರ್ ತಲೆಯಾಡಿಸುತ್ತಿದ್ದರು. ಇವತ್ತೂ ಒಂದು ಮಾತಿಲ್ಲ. ಇಪ್ಪತ್ತೇಳಕ್ಕೆ ಕಥೆಯ ತಯಾರಿ ಶುರುವಾಯಿತು. ಕಂಟ್ರೋಲರ್ ಒಂದು ಸಿಂಹದ ಕಥೆ ಕಟ್ಟಿದ. ಸಿಂಹಕ್ಕೆ ಒಳ್ಳೆಯ ಕೋಟು ಇರಲೆಂದು ದರ್ಜಿ ಸೇರಿಸಿದ. ಕಾಡಿನ ವಿಸ್ತೀರ್ಣ ಇಲ್ಲದೆ ಕಥೆಯನ್ನು ನಂಬುವುದು ಹೇಗೆಂದು ಮಾವ ಎಕರೆ ಗುಂಟೆಗಳನ್ನು ಸೇರಿಸಿದರು. ಹಾರನ್ ಮೂರು ದಿನ ತಾಳ್ಮೆಯಿಂದ ಕೇಳಿಸಿಕೊಂಡು ಇಪ್ಪತ್ತೊಂಬತ್ತಕ್ಕೆ ತೀರ್ಪು ಕೊಟ್ಟಳು. “ಇದು ನಂದಲ್ಲ. ನಿಮ್ಮದು. ನೀವೇ ಹೇಳಿ.”

ಆ ರಾತ್ರಿ ಕಂಟ್ರೋಲರ್ ಸರಿಯಾಗಿ ಊಟ ಮಾಡಲಿಲ್ಲ ಎಂಬುದಷ್ಟನ್ನು ದಾಖಲಿಸಿ ಮುಂದೆ ಹೋಗೋಣ.

ಮೂವತ್ತರಂದು ಶಿಶುವಿಹಾರದ ದೊಡ್ಡ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ತಪಾಸಣೆಯ ಅಧಿಕಾರಿ. ನಗುವುದಕ್ಕೂ ಮೇಲಿನ ಆದೇಶ ಬೇಕೆಂಬಂಥ ಮುಖದ ಹೆಂಗಸು. ತೊಡೆಯ ಮೇಲೆ ಒಂದು ನಮೂನೆ, ಅದರಲ್ಲಿ ‘ಪೋಷಕರ ಭಾಗವಹಿಸುವಿಕೆ’ ಎಂಬ ಕಲಂ ಖಾಲಿ. ಅವರ ಹಿಂದೆ ಔಷಧಿ ಅಂಗಡಿಯವನು. ಗೋಡೆಗೆ ಒರಗಿ ದರ್ಜಿ, ಮಾವ, ಆಸ್ಪತ್ರೆಯಿಂದ ನೇರವಾಗಿ ಬಂದ ಹೆಂಡತಿ. ನಾಲ್ಕು ಹತ್ತರ ಬಸ್ಸು ತನ್ನ ಚರಿತ್ರೆಯಲ್ಲೇ ಮೊದಲ ಸಲ ನಾಲ್ಕಕ್ಕೆ ಮುಂಚೆ ಬಂದು ಗೇಟಿನೆದುರು ನಿಂತಿತ್ತು. ಅದರ ಡ್ರೈವರ್ ಪ್ರಯಾಣಿಕರ ಸಮೇತ ಕೋಣೆಯೊಳಗಿದ್ದ.

ನಾಲ್ಕಕ್ಕೆ ಔಷಧಿ ಅಂಗಡಿಯವನ ಮಗ ಮೂಳೆಗಳನ್ನು ಹೇಳಿ ಮುಗಿಸಿದ. ಅದರಲ್ಲಿ ಒಂದು ಮೂಳೆ ಮನುಷ್ಯನದಲ್ಲ ಎಂದು ಕಂಟ್ರೋಲರನ ಹೆಂಡತಿ ಪಕ್ಕದವರಿಗೆ ಪಿಸುಗುಟ್ಟಿದಳು. ನಾಲ್ಕು ಐದಕ್ಕೆ ಹಾರನ್‌ಳನ್ನು ನಡುವೆ ತಂದು ನಿಲ್ಲಿಸಿದರು. ಅವಳು ಲೇಸು ಕಟ್ಟಿದ ತನ್ನ ಶೂ ನೋಡುತ್ತ ನಿಂತಳು. ನಾಲ್ಕು ಆರು. ನಾಲ್ಕು ಏಳು. ಕೋಣೆಯಲ್ಲಿ ಯಾರೋ ಕೆಮ್ಮಿದರು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

ಸುಮ್ಮನಿರುವ ಹೊತ್ತನ್ನು ಏನಾದರೂ ಮಾಡಿ ತುಂಬಬೇಕೆಂದು ದೊಡ್ಡ ಟೀಚರ್ ಪುಸ್ತಕವನ್ನು ಕೈಗೆತ್ತಿಕೊಂಡರು. ಈ ಮಗುವಿನ ತಂದೆ ಎಂಥವರೆಂದು ಕೇಳಿ ಎಂದು ಗಟ್ಟಿಯಾಗಿ ಓದತೊಡಗಿದರು. “ಒಂಬತ್ತನೇ ತಾರೀಕು. ಹುರುಳಿಬೀಜ ಬಿತ್ತಿದೆವು. ಅಂದೇ ಮೊಳಕೆ ಬಂತು—”

“ಬರ್ಲಿಲ್ಲ.”

ಧ್ವನಿ ಎಲ್ಲಿಂದ ಬಂತೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ದೊಡ್ಡ ಟೀಚರ್ ಕಿಟಕಿಯತ್ತ ನೋಡಿದರು.

“ಅವತ್ತು ಬರ್ಲೇ ಇಲ್ಲ” ಎಂದಳು ಹಾರನ್, ಬೀದಿಯ ತುದಿಗೆ ಕೇಳುವ ತನ್ನ ಮಾಮೂಲಿ ಧ್ವನಿಯಲ್ಲಿ. ಮುಂದೆ ಬಂದು, ಟೀಚರ್ ಕೈಯಲ್ಲಿದ್ದ ಪುಸ್ತಕವನ್ನು ತನ್ನ ಎತ್ತರಕ್ಕೆ ಎಳೆದುಕೊಂಡು, ಕೆಂಪು ಹುಳುವಿನ ಮೇಲೆ ಬೆರಳಿಟ್ಟಳು. “ನೋಡಿ, ನಾನು ಕೆಂಪಲ್ಲಿ ತಿದ್ದಿದೀನಿ. ಇದು ಮೊಳಕೆ. ಮೂರು ಸಲ ಮಲಗಿ ಎದ್ದ ಮೇಲೆ ಬಂತು. ಅಪ್ಪ ಬೀಜಕ್ಕೆ ಬೈದ.”

ಅಲ್ಲಿಂದ ಮುಂದೆ ಬ್ರೇಕಿರಲಿಲ್ಲ. ಗೀಟಿನಿಂದ ಗೀಟಿಗೆ ಬೆರಳಿಡುತ್ತ ಅವಳು ಇಡೀ ತಿಂಗಳನ್ನು ಓದಿದಳು. ಒಂದಕ್ಷರವೂ ಬಾರದವಳು ತಾನು ಬರೆದದ್ದೊಂದನ್ನೂ ಮರೆತಿರಲಿಲ್ಲ. ನೆರಳಿನ ದಿನ ಸೂರ್ಯ ಲೇಟು. ಬೀದಿ ಅಳೆದ ದಿನ ಯಾರೂ ಸಂತೋಷಪಡಲಿಲ್ಲ, ಅಜ್ಜ ಮತ್ತು ದರ್ಜಿ ಮಾಮ ಪ್ಯಾಂಟಿನ ವಿಷಯಕ್ಕೆ ಜಗಳ ಆಡಿದರು, ಸಂತೋಷ ಎರಡು ದಿನ ಬಿಟ್ಟು ಬಂತು, ಬೀದಿ ಹತ್ತೊಂಬತ್ತು ಕಲ್ಲು ಏಳು ಹೆಜ್ಜೆ. ಗೋಡೆಯ ಬಳಿ ಮಾವ ಮತ್ತು ದರ್ಜಿ ಬೇರೆ ಬೇರೆ ದಿಕ್ಕಿಗೆ ನೋಡಿದರು. ಆನೆ ಐದಕ್ಕಲ್ಲ, ಐದರ ಬಸ್ಸು ಹೋದ ಮೇಲೆ ಹೊರಟಿತು, ಅದಕ್ಕೆ ಪ್ಯಾಂಟಿನದೇ ಯೋಚನೆ. ಲೇಸನ್ನು ಮೊದಲು ಬೆಂಚಿಗೆ ಕಟ್ಟಿದ್ದು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗು ಇಳಿಯುವವರೆಗೆ ಕಾದು ಅವಳು ಮುಂದಿನ ಗೀಟಿಗೆ ಹೋಗುತ್ತಿದ್ದಳು. ಕೊನೆಯ ಗೀಟು ಮುಗಿದ ಮೇಲೆ, ಸರಿಯಾದ ವರದಿಗಾರರು ಮೂಲ ತಿಳಿಸುವಂತೆ, ಅದನ್ನೂ ತಿಳಿಸಿದಳು. “ಇದೆಲ್ಲ ಅಪ್ಪ ಒಂದೇ ದಿನ ಬರೆದದ್ದು. ಆಗಿರ್ಲೇ ಇಲ್ಲ ಇನ್ನೂ. ನಾಲ್ಕು ಹತ್ತರ ಬಸ್ಸು ಬಂದಿರ್ಲಿಲ್ಲ, ಅದಕ್ಕೆ.”

ನಗು ತಟ್ಟನೆ ನಿಂತಿತು. ಔಷಧಿ ಅಂಗಡಿಯವನ ಮುಖ ಆ ತಿಂಗಳಲ್ಲೇ ಮೊದಲ ಸಲ ಅರಳಿತು. ಅಧಿಕಾರಿ ತಿರುಗಿ, ತಂದೆ ಯಾರು ಎಂದು ಕೇಳಿದರು. ಕಂಟ್ರೋಲರ್ ಮಕ್ಕಳ ಕುರ್ಚಿಯಿಂದ ಎದ್ದ. ಕುರ್ಚಿಯೂ ಅವನೊಡನೆ ಎದ್ದಿತು. ಅದನ್ನು ಬಿಡಿಸಿಕೊಂಡು, ಹೌದು, ಒಂದನೇ ತಾರೀಕೇ ಬರೆದೆ, ಯೋಜನೆ ಹಾಕಿದ್ದಲ್ಲ, ಅಭ್ಯಾಸ, ದೊಡ್ಡ ಟೀಚರ್ ತಪ್ಪು ತಿಳಿದಾಗ ತಿದ್ದಲಿಲ್ಲ, ಅದು ನನ್ನ ತಪ್ಪು ಎಂದ. ಆರನೇ ತಾರೀಕು ಜೋಡಿಸಿಕೊಂಡಿದ್ದ ಮೂರು ವಾಕ್ಯಗಳು ಇಪ್ಪತ್ತನಾಲ್ಕು ದಿನ ತಡವಾಗಿ ಹೀಗೆ ಬಂದು ತಲುಪಿದವು.

ಅಧಿಕಾರಿ ಅವನನ್ನು ಬಿಟ್ಟು ಮಗುವಿನ ಕಡೆ ಬಗ್ಗಿದರು. “ಹಾಗಾದ್ರೆ ಇದ್ಯಾವುದೂ ಆಗಲಿಲ್ವಾ ಪುಟ್ಟ?”

ಹಾರನ್ ಆ ಪ್ರಶ್ನೆಯನ್ನು ನ್ಯಾಯವಾಗಿ ತೂಗಿದಳು. “ಎಲ್ಲ ಆಯ್ತು. ಆದ್ರೆ ಲೇಟು.”

ಅಧಿಕಾರಿ ಖಾಲಿ ಕಲಮಿನಲ್ಲಿ ಅದನ್ನೇ ಬರೆದರು. ‘ಎಲ್ಲ ಆಗಿದೆ, ತಡವಾಗಿ.’ ಅವರ ಮುಖದಲ್ಲಿ ಏನೋ ಸಡಿಲವಾಗಿ, ಅವರ ಎರಡು ಕೈಗಳೂ ಒಂದನ್ನೊಂದು ತಟ್ಟಿದವು. ಆಮೇಲೆ ಕೋಣೆಯಲ್ಲಿದ್ದ ಎಲ್ಲರೂ, ಔಷಧಿ ಅಂಗಡಿಯವನೂ ಸೇರಿ, ಚಪ್ಪಾಳೆ ತಟ್ಟಿದರು. ಹೆಂಡತಿ ಹಿಂದಿನಿಂದ ಬಂದು ಕಂಟ್ರೋಲರನ ಭುಜ ತಟ್ಟಿ, “ಇನ್ನು ಉಸಿರು ಬಿಡಿ” ಎಂದಳು.

ಅವನು ಬಿಟ್ಟ. ಆಮೇಲೆ ಗಡಿಯಾರ ನೋಡಿದ. ನಾಲ್ಕು ಇಪ್ಪತ್ತಾರು. ದೊಡ್ಡ ಟೀಚರ್ ಹತ್ತಿರ ಹೋಗಿ ಪುಸ್ತಕ ಕೇಳಿ ಪಡೆದು, ಮಗಳ ಜೇಬಿನಿಂದ ಕೆಂಪು ಕಡ್ಡಿ ತೆಗೆದುಕೊಂಡ. ಮೂವತ್ತನೆಯ ಸಾಲಿನಲ್ಲಿ 4.10ರ ಮೇಲೆ ಗೀಟೆಳೆದು 4.26 ಎಂದು ಬರೆದ. ಹಾರನ್ ಬಗ್ಗಿ ನೋಡಿ, ಹತ್ತು ಜನ ಅಲ್ಲ, ಎರಡು ಕಲ್ಲಿಗಿಂತ ಜಾಸ್ತಿ ಎಂದಳು. ಅದನ್ನೂ ತಿದ್ದಿದ.

ಮಾರನೇ ದಿನ ಒಂದನೇ ತಾರೀಕು. ಕಂಟ್ರೋಲರ್ ಎಂದಿನಂತೆ ಬೆಳಿಗ್ಗೆ ಗೂಡಿನಲ್ಲಿ ಕೂತು, ಅರವತ್ತನಾಲ್ಕು ಬಸ್ಸುಗಳನ್ನು ನೀಲಿಯಲ್ಲಿ ಬರೆದು ಮುಗಿಸಿ, ಟೀ ತರಿಸಿಕೊಂಡ. ಹತ್ತೂವರೆಗೆ ರಸ್ತೆಯಾಚೆಯ ಮಹಡಿಯ ಕಿಟಕಿ ತೆರೆಯಿತು.

“ಅಪ್ಪಾ, ಹತ್ತು ಇಪ್ಪತ್ತರ ಬಸ್ಸು ಇನ್ನೂ ಬಂದಿಲ್ಲ.”

ನಿಲ್ದಾಣದಲ್ಲಿದ್ದವರೆಲ್ಲ ಗೂಡಿನತ್ತ ತಿರುಗಿದರು. ಕಂಟ್ರೋಲರ್ ಟೀ ಲೋಟ ಕೆಳಗಿಟ್ಟು ಕೆಂಪು ಪೆನ್ನು ತೆಗೆದ.

ಆ ತಿಂಗಳ ಕೊನೆಗೆ ಡಿಪೋ ಮ್ಯಾನೇಜರರಿಂದ ಇನ್ನೊಂದು ಪತ್ರ ಬಂತು. ಹತ್ತೊಂಬತ್ತು ವರ್ಷ ಸಮಯಪಾಲನೆಗೆ ಮಾದರಿಯಾಗಿದ್ದ ನಿಲ್ದಾಣದಲ್ಲಿ ಒಂದೇ ತಿಂಗಳಲ್ಲಿ ಮುನ್ನೂರ ಎಂಬತ್ತೊಂದು ಬಸ್ಸುಗಳು ತಡವಾದದ್ದಕ್ಕೆ ಕಾರಣವೇನೆಂದು ಕೇಳಿದ್ದರು. ಕಂಟ್ರೋಲರ್ ಉತ್ತರ ಬರೆದ: ‘ಬಸ್ಸುಗಳು ಮೊದಲಿನಂತೆಯೇ ಬರುತ್ತಿವೆ. ನನ್ನ ಮಗಳು ಮೇಲಿನ ಕೋಣೆಗೆ ಹೋಗಿದ್ದಾಳೆ.’